ಅಮ್ಮಣಿಯ ಎಡಗೈ

೧೯೬೨ನೇ ಇಸವಿ ಜುಲೈ ೧೭, ಮಂಗಳವಾರ. ವಾಮದಪದವು ಸಮೀಪದ ಹಳ್ಳಿಶಾಲೆಯೊಂದರಲ್ಲಿ ಹೆಡ್‌ಮಾಸ್ತರ ಮುಂಡಪ್ಪನವರು ಮೂರನೇ ತರಗತಿಯ ಅಮ್ಮಣಿಯ ಎಡಗೈಗೆ ಬೆತ್ತ ಸೀಳುವ ತನಕ ಹೊಡೆದರು. ಮಗ್ಗಿ ತಪ್ಪಿದ್ದಕ್ಕೆ ಬಿದ್ದದ್ದು ಮೊದಲ ಏಟು ಮಾತ್ರ. ಉಳಿದವು, ಹುಡುಗಿ ಅಳಲಿಲ್ಲವೆಂಬ ಕಾರಣಕ್ಕೆ. ಅದನ್ನವರು ಅಹಂಕಾರವೆಂದು ತೀರ್ಮಾನಿಸಿದ್ದರು.

ಅದೇ ವಾರ ಸಹಶಿಕ್ಷಕ ಚನಿಯಪ್ಪನವರು ನರಗಳ ಪಾಠಕ್ಕೆ ತೊಡಗಿದರು. ಪುಸ್ತಕದ ಚಿತ್ರವನ್ನು ಮಕ್ಕಳು ಮರದ ಬೇರೆಂದರು. ರೇಗಿಹೋದ ಮಾಸ್ತರರು ಪುಸ್ತಕ ಮುಚ್ಚಿಟ್ಟು, ಗಜ್ಜುಗದ ಬೀಜವೊಂದನ್ನು ಜಗಲಿಯ ಕಲ್ಲಿಗೆ ಉಜ್ಜಿ ಬಿಸಿಮಾಡಿ, ಕಣ್ಣು ಮುಚ್ಚಿ ಕುಳಿತ ಒಬ್ಬೊಬ್ಬರ ಕೈಗೂ ತಾಗಿಸಿದರು. ಮಕ್ಕಳು ಥಟ್ಟನೆ ಕೈ ಎಳೆದುಕೊಂಡರು.

"ಮೈಯೊಳಗೆ ನೂಲಿನಂಥ ನರಗಳುಂಟು. ಚರ್ಮದ ಸುದ್ದಿಯನ್ನು ಬೆನ್ನಹುರಿಗೆ ಮುಟ್ಟಿಸುವುದು ಅವೇ. ಬಿಸಿ ಅಂತ ತಲೆಗೆ ತಿಳಿಯುವ ಮೊದಲೇ ಬೆನ್ನಹುರಿ ಕೈಯನ್ನು ಹಿಂದಕ್ಕೆ ಎಳೆಸ್ತದೆ."

ಅಮ್ಮಣಿಯ ಎಡಗೈ ಅಲುಗಲಿಲ್ಲ.

"ಬೇಗ ಮುಟ್ಟಿಸಿ ಮಾಸ್ಟ್ರೇ, ಎಷ್ಟು ಹೊತ್ತು ಕಣ್ಣು ಮುಚ್ಚಿಕೊಳ್ಳುವುದು?" ಎಂದಳು. ಬೀಜ ಆಗಲೇ ಅವಳ ಕೈಮೇಲಿತ್ತು.

ಅವಳಿಗೆ ಮಂತ್ರ ಗೊತ್ತುಂಟೆಂದು ಮಕ್ಕಳು ನಕ್ಕರು. ಮಾಸ್ತರರು ನಗಲಿಲ್ಲ. ಮಣಿಕಟ್ಟಿನ ಬಳಿ ಬಿಳಿಚಿದ ಮಚ್ಚೆಯೊಂದಿತ್ತು. ಸುದ್ದಿ ಒಯ್ಯುವ ನರವೇ ಕೆಟ್ಟಿದ್ದರೆ ಮಗು ಅಳುವುದಾದರೂ ಹೇಗೆ?

ತಾಯಿ ಪೂವಮ್ಮನೊಡನೆ ಅವಳನ್ನು ಬಂಟ್ವಾಳದ ವೈದ್ಯರಲ್ಲಿಗೆ ಕರೆದೊಯ್ದರು. ಕುಷ್ಠದ ಆರಂಭ, ಮಾತ್ರೆಯಿಂದ ರೋಗ ಗುಣವಾಗುತ್ತದೆ, ಶಾಲೆ ಬಿಡಿಸಬೇಕಾಗಿಲ್ಲ ಎಂದರು ವೈದ್ಯರು. ಇದನ್ನು ಕೇಳಿದ್ದೇ ತಡ, ಮುಂಡಪ್ಪನವರು ಅವಳನ್ನು ಶಾಲೆಯಿಂದ ಹೊರಗೆ ಹಾಕಿದರು. ಮೊನ್ನೆ ಅಹಂಕಾರ, ಇಂದು ರೋಗ!

ಚನಿಯಪ್ಪನವರು ನರದ ಸಂಗತಿಯನ್ನು ಮಕ್ಕಳಿಗೆ ಹೇಳಿದಂತೆಯೇ ಅವರಿಗೂ ಬಿಡಿಸಿ ಹೇಳಿದರು. ಒಮ್ಮೆ ಸಾಲದೆಂದು ಮತ್ತೊಮ್ಮೆಯೂ ಹೇಳಿನೋಡಿದರು.

"ನಿಮ್ಮ ನರ ನಿಮ್ಮ ಹತ್ತಿರವೇ ಇರಲಿ ಮಾರಾಯ್ರೇ. ಉಳಿದ ಮಕ್ಕಳ ಮನೆಯವರು ಗಲಾಟೆ ಮಾಡಿದ್ರೆ ನೀವು ಬರ್ತೀರಾ?" ಎಂದರು ಮುಂಡಪ್ಪನವರು.

ಅತ್ತ ಮನೆಯಲ್ಲಿ ಕುಳಿತ ಹುಡುಗಿಗೆ ಭತ್ತ ಬೇಯಿಸುವ ಒಲೆಯ ಕೆಲಸ ಹಚ್ಚಿದ್ದರು. ಚನಿಯಪ್ಪನವರು ಹೋದಾಗ ಅವಳ ಎಡ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಯಾವಾಗ ಸುಟ್ಟಿತೆಂದು ಕೇಳಿದರೆ ಅವಳು ಕೈ ತಿರುಗಿಸಿ ನೋಡಿ, ತಾನೇ ಅಚ್ಚರಿಪಟ್ಟಳು.

ಮಾಸ್ತರರು ಅಲ್ಲಿಂದ ನೆಟ್ಟಗೆ ಶಾಲೆಗೆ ನಡೆದರು. ಆಡಳಿತ ಸಮಿತಿಯವರು ಮುಂಡಪ್ಪನವರೊಡನೆ ಕುಳಿತಿದ್ದರು. ಕುರ್ಚಿ ತೋರಿಸಿದರೂ ಚನಿಯಪ್ಪನವರು ಕೂರದೆ ಮುಂಡಪ್ಪನವರತ್ತ ತಿರುಗಿದರು.

"ಬೆಂಕಿ ಅರಿಯದ ಕೈಯನ್ನು ಒಲೆಯ ಮುಂದೆ ಕೂರಿಸಿದವರು ನೀವು. ನೀವೇ ಪೂವಮ್ಮನ ಮನೆಗೆ ಹೋಗಿ, ಹೊಡೆದದ್ದು ತಪ್ಪು, ಹೊರಗೆ ಹಾಕಿದ್ದೂ ತಪ್ಪು ಅಂತ ಹೇಳಿ. ಸೋಮವಾರ ಅಮ್ಮಣಿ ನನ್ನ ತರಗತಿಯಲ್ಲಿ ಇರಬೇಕು."