ಡ್ಯಾನ್‌ವಿಲ್ ಸಂತೆಯ ಬೋಣಿ

ತಾಯಿಯ ಬಳೆ ಅಂಗಡಿಯಲ್ಲೇ ಬೆಳೆದ ವಿಮಲಾ ಅವರಿಗೆ ಒಂದು ಮಾತು ರಕ್ತದಲ್ಲಿ ಇಳಿದಿತ್ತು: ದಿನದ ಮೊದಲ ಗಿರಾಕಿಯ ಕಾಸು ಕೈಗೆ ಬೀಳಬೇಕು, ಅದನ್ನು ಕಣ್ಣಿಗೊತ್ತಿಕೊಳ್ಳಬೇಕು. ಬೋಣಿ ಕೆಟ್ಟರೆ ವ್ಯಾಪಾರ ಕೆಟ್ಟಂತೆ. ಉಡುಪಿ ಬಿಟ್ಟು ಕಡಲಾಚೆಯ ಡ್ಯಾನ್‌ವಿಲ್ ಸೇರಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಮೇಲೂ ಆ ಮಾತು ಮಾಸಿರಲಿಲ್ಲ. ಕಂಡವರ ಪಾಟ್‌ಲಕ್ ಊಟಕ್ಕೆಲ್ಲ ಪುಕ್ಕಟೆ ಚಕ್ಕುಲಿ ಕರಿದು ಕರಿದು, ಮುಪ್ಪಿನಲ್ಲಿ ಅವರಿಗೆ ಸ್ವಂತ ಅಂಗಡಿಯ ಆಸೆ ಹುಟ್ಟಿತು.

ಸೊಸೆ ಅಮಿತಾ ಶನಿವಾರದ ಸಂತೆಯಲ್ಲಿ ಒಂದು ಮೇಜು ಹಿಡಿದುಕೊಟ್ಟಳು.

“ಅತ್ತೆ, ಇವತ್ತು ಟ್ರಯಲ್ಲು. ಓಡ್ಲಿಲ್ಲ ಅಂದ್ರೆ ಬಿಟ್ಬಿಡೋಣ, ಆಯ್ತಾ?”

“ಓಡದೆ ಎಂತ, ಚಕ್ಕುಲಿಗೆ ಕಾಲು ಮುರಿದಿದೆಯಾ?” ಎಂದರೂ ವಿಮಲಾ ಚಕ್ಕುಲಿ ಪೊಟ್ಟಣಗಳನ್ನು ಮೂರು ಸಲ ಎಣಿಸಿ ಜೋಡಿಸಿದರು.

ಮೊದಲು ಬಂದವರು ಅವರದೇ ಬೀದಿಯ ಮುದುಕಿ, ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಮೋರಾಗ್. ಪೊಟ್ಟಣವೊಂದನ್ನು ತೋರಿಸಿ, ಅಮಿತಾ ಹಿಡಿದ ಯಂತ್ರಕ್ಕೆ ಫೋನು ತಾಗಿಸಿದರು. ಟಿಂಗ್ ಎಂದಿತು. ಬೊಗಸೆಯೊಡ್ಡಿದ್ದ ವಿಮಲಾರ ಕೈ ಖಾಲಿ. ಅವರು ಪೊಟ್ಟಣವನ್ನು ಎದೆಗವಚಿಕೊಂಡು ನಿಂತುಬಿಟ್ಟರು.

“ಅತ್ತೆ, ಪೇಮೆಂಟು ಆಯ್ತು. ಕೊಡಿ.”

“ಎಲ್ಲಿ ಆಯ್ತು ಮಾರಾಯ್ತಿ? ಗಾಳಿ ಕೊಟ್ಟಿತು, ಗಾಳಿ ತಕೊಂಡಿತು. ನನ್ನ ಕೈಗೆ ಎಂತ ಬಂತು?”

ನಾಚಿಕೆಯಿಂದ ಕುಗ್ಗಿದ ಅಮಿತಾ ಮೋರಾಗ್‌ಗೆ ಇಂಗ್ಲಿಷಿನಲ್ಲಿ ಬೋಣಿಯ ವಿಷಯ ಬಿಡಿಸಿ ಹೇಳಿದಳು. ಆಕೆ ನಗಲಿಲ್ಲ. ಚೀಲ ತಡಕಾಡಿ ಒಂದು ನಾಣ್ಯ ತೆಗೆದು, ವಿಮಲಾರ ಅಂಗೈಯಲ್ಲಿಟ್ಟು ಅದುಮಿದರು.

“ಹ್ಯಾನ್ಸಲ್,” ಎಂದರು.

ಅಮಿತಾ ಅದನ್ನು ಕನ್ನಡಕ್ಕೆ ತಿರುಗಿಸಿದಳು: ಮೀನು ಮಾರುತ್ತಿದ್ದ ಮೋರಾಗ್‌ರ ಅಜ್ಜಿ ದಿನದ ಮೊದಲ ಕಾಸಿಗೆ ಹಾಗೇ ಅನ್ನುತ್ತಿದ್ದಳಂತೆ. ಹೊಸ ವರ್ಷದ ಉಡುಗೊರೆಗೂ ಅದೇ ಹೆಸರು. ‘ಕೈ’ಗೆ ‘ಕೊಡುವುದು’ ಸೇರಿ ಆದ ಹಳೇ ಮಾತು ಅದು. ಬಡಗಣ ಕಡಲಿನವರು ಕೈಗೆ ಕೈ ಕೊಟ್ಟು ವ್ಯಾಪಾರ ಕುದುರಿಸುತ್ತಿದ್ದ ಕಾಲದ್ದು. ಮೋರಾಗ್ ಅದನ್ನು ಮೇಜಿನಲ್ಲಿದ್ದ ಪೊಟ್ಟಣವೊಂದರ ಮೇಲೆ ಇಂಗ್ಲಿಷಿನಲ್ಲಿ ಬರೆದೂ ತೋರಿಸಿದರು. ಕೆಲವರು ನಡುವೆ ಒಂದು ‘ಡಿ’ ಸೇರಿಸುತ್ತಾರೆ, ಆದರೆ ನುಡಿಯುವಾಗ ಅದನ್ನು ಬಿಟ್ಟೇಬಿಡುತ್ತಾರೆ.

“ಒಗ್ಗರಣೆಯ ಕರಿಬೇವಿನ ಹಾಗೆ,” ಎಂದರು ವಿಮಲಾ. “ಹಾಕುದು ಹೌದು, ತಿನ್ನುದಿಲ್ಲ.”

“ಇವರಜ್ಜಿ ಲಕ್ಕಿಗೆ ಅಂತ ಆ ಕಾಸಿನ ಮೇಲೆ ಉಗೀತಿದ್ರಂತೆ ಅತ್ತೆ.”

“ಅದೊಂದು ಬೇಡ ಅಂತ ಹೇಳು. ಲಕ್ಷ್ಮಿ ಅಲ್ವಾ?”

ನಾಣ್ಯವನ್ನು ಕಣ್ಣಿಗೊತ್ತಿಕೊಂಡು, ಪೊಟ್ಟಣದ ಮೇಲೆ ಇನ್ನೊಂದು ಪೊಟ್ಟಣ ಇಟ್ಟು, ಎರಡೂ ಕೈಯಿಂದ ಕೊಟ್ಟರು. ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಆಮೇಲೆ ಯಾರು ಎಷ್ಟು ಫೋನು ತಾಗಿಸಿದರೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಮಧ್ಯಾಹ್ನಕ್ಕೆ ಡಬ್ಬದ ತಳದಲ್ಲಿ ಉಳಿದದ್ದು ಚಕ್ಕುಲಿ ಚೂರು ಮಾತ್ರ. ಮೇಜು ಮಡಚುತ್ತ ಅಮಿತಾ ತಾನಾಗಿಯೇ ಕೇಳಿದಳು:

“ನೆಕ್ಸ್ಟ್ ಶನಿವಾರಕ್ಕೆ ಹಿಟ್ಟು ಜಾಸ್ತಿ ಮಾಡ್ಸೋಣ್ವಾ ಅತ್ತೆ?”

“ಹಿಟ್ಟಿರಲಿ. ಮೊದಲು ಮೋರಾಗಮ್ಮನಿಗೆ ಬೇಗ ಬರ್ಲಿಕ್ಕೆ ಹೇಳು. ಫೋನು ಮನೆಯಲ್ಲೇ ಬಿಟ್ಟು.”