ಒಳಮಡಿಕೆ

ಮಕ್ಕಳ ಬಟ್ಟೆಗೆ ಕೆಳಗೆ ನಾಲ್ಕು ಬೆರಳು ಒಳಮಡಿಕೆ ಬಿಡದೆ ಹೊಲಿದವನೇ ಅಲ್ಲ ಆ ದರ್ಜಿ. ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಬಹುದಲ್ಲ. "ಅಪ್ಪ ಮಡಿಕೆ ಬಿಚ್ಚಿದ ಮೇಲೇ ನನ್ನ ಕಾಲು ಉದ್ದ ಆಗೋದು" ಎಂದು ಅವನ ಐದು ವರ್ಷದ ಮಗಳು ಬೀದಿಗೆಲ್ಲ ಸಾರಿಕೊಂಡು ಬರುತ್ತಿದ್ದಳು. ಕೇಳಿದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

"ಹೆಚ್ಚೆಂದರೆ ಮೂರು ತಿಂಗಳು" ಎಂದು ಮಗಳನ್ನು ಪರೀಕ್ಷಿಸಿದ ಡಾಕ್ಟರು ಕೈಚೆಲ್ಲಿದ ಮರುದಿನ ಅವನು ಅವಳಿಗೊಂದು ಹಳದಿ ಫ್ರಾಕು ಹೊಲಿದ. ಹಾಸಿಗೆಯಲ್ಲಿ ಒರಗಿ ಕೂತಿದ್ದ ಅವಳು ಅಂಚನ್ನು ತಿರುಗಿಸಿ ನೋಡಿದಳು.

"ಅಪ್ಪಾ, ಮಡಿಕೆ ಮರೆತುಬಿಟ್ಟಿದ್ದೀಯ."

ಅವನೂ ಅಂಚು ಮುಟ್ಟಿ ನೋಡಿದ. ಹಾಳಾದ ಕೈ ತಾನಾಗಿಯೇ ಹಾಗೆ ಕತ್ತರಿಸಿಬಿಟ್ಟಿತ್ತು.

"ಬಟ್ಟೆ ಸಾಲಲಿಲ್ಲ, ಪುಟ್ಟಿ."

ಅವನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು: "ಹೋಗ್ಲಿ ಬಿಡಪ್ಪ. ನಾನು ಬೆಳೆಯಲ್ಲ, ಆಯ್ತಾ?"