ಇನ್ಸ್‌ಪೆಕ್ಟರ್ ಸಾಹೇಬರು ರಂದ ಹೊಡೆದ ಬಾಗಿಲು

ಆಗೆಲ್ಲ ಟೀವಿಯಲ್ಲಿ ಕಂಡ ಮುಖ ಎದುರಿಗೆ ಬಂದು ನಿಂತರೆ ನಮ್ಮೂರಿನವರಿಗೆ ಕೈಕಾಲೇ ಆಡುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಅವರ ಮುಖವೇ ದಿನಕ್ಕೆ ಹತ್ತು ಸಲ ಫೋನಿನಲ್ಲಿ ಬರುತ್ತದಲ್ಲ! ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ಬಿಳಿಚೋಡಿನ ನಮ್ಮ ಅಪ್ಪನ ಬಡಗಿ ಶೆಡ್ಡಿಗೆ ಅಂಥ ಒಬ್ಬರು ಸಾಕ್ಷಾತ್ ನಡೆದುಕೊಂಡು ಬಂದರು. ಧಾರಾವಾಹಿಯಲ್ಲಿ ಅವರು ಪೊಲೀಸ್ ಇನ್ಸ್‌ಪೆಕ್ಟರ್. ಕಳ್ಳನನ್ನು ಎದುರು ಕೂರಿಸಿಕೊಂಡು ಸುಮ್ಮನೆ ದಿಟ್ಟಿಸಿದರೆ ಸಾಕು, ಅವನು ನಿಜ ಕಕ್ಕಿಬಿಡುತ್ತಿದ್ದ. ಊರಿಗೆ ಊರೇ ಅವರನ್ನು ಇನ್ಸ್‌ಪೆಕ್ಟರ್ ಸಾಹೇಬ್ರು ಅಂತಲೇ ಕರೆಯುತ್ತಿತ್ತು.

ನಮ್ಮೂರಿನ ಟೀಚರ್ ಶಾಂತಕ್ಕ ಅವರ ಸ್ವಂತ ಅಕ್ಕ. ಆಕೆ ಆ ವರ್ಷ ಹೊಸ ಮನೆ ಕಟ್ಟಿಸುತ್ತಿದ್ದಳು. ಮುಂಬಾಗಿಲಿನ ಕೆಲಸ ಅಪ್ಪನದು. ತಮ್ಮನಿಗೆ ಶೂಟಿಂಗ್ ರಜಾ ಸಿಕ್ಕಿತ್ತು.

"ಆಚಾರ್ರೇ, ನನಗೆ ಮರಗೆಲಸ ಅಂದ್ರೆ ಪ್ರಾಣ ಕಣ್ರೀ. ಮನೇಲಿ ಅದಕ್ಕೇ ಅಂತ ಒಂದು ರೂಮು ಇಟ್ಟಿದ್ದೀನಿ. ಅಕ್ಕನ ಮನೆ ಬಾಗಿಲಿಗೆ ನನ್ನ ಕೈಯೂ ತಾಗಲಿ" ಅಂದರು. ಜೊತೆಗೆ ಒಂದು ಪೆಟ್ಟಿಗೆ ತಂದಿದ್ದರು. ಅದರೊಳಗೆ ಫಳಫಳ ಹೊಳೆಯುವ ಫಾರಿನ್ ಉಳಿಗಳು, ಮರ ಸವರುವ ರಂದ. ಒಂದಕ್ಕೂ ಗೀರು ಬಿದ್ದಿರಲಿಲ್ಲ.

ಅಪ್ಪ ಬೆವರು ಒರೆಸಿಕೊಂಡು, "ಮಾಡ್ರಿ ಸಾಹೇಬ್ರೆ, ಅದಕ್ಕೇನಂತೆ" ಅಂದ. ಇಲ್ಲ ಅನ್ನುವ ಧೈರ್ಯ ಯಾರಿಗಿತ್ತು? ಶೆಡ್ಡಿನ ಬಾಗಿಲಲ್ಲಿ ಆಗಲೇ ಅರ್ಧ ಊರು ನೆರೆದಿತ್ತು.

ಸುಳ್ಳು ಹೇಳಬಾರದು, ಅವರ ಕೈ ಚೆನ್ನಾಗಿಯೇ ಇತ್ತು. ಅವರು ರಂದ ಹೊಡೆದರೆ ತೇಗದ ಚಕ್ಕೆ ಸುರುಳಿ ಸುರುಳಿಯಾಗಿ ಮೇಲೇಳುತ್ತಿತ್ತು. ನಾನು ಅವನ್ನು ಕೈಗೆ ಬಳೆ ಮಾಡಿಕೊಂಡು, ಕಿವಿಗೆ ಜುಮಕಿ ಮಾಡಿಕೊಂಡು ಮೆರೆಯುತ್ತಿದ್ದೆ. ಸಂಜೆ ಶಾಂತಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಳಿಸುತ್ತಿದ್ದಳು. ತೇಗದ ಎಣ್ಣೆವಾಸನೆಯಲ್ಲಿ ಕೂತು ಸಾಹೇಬರ ಜೊತೆ ಮೆಣಸಿನಕಾಯಿ ಕಚ್ಚಿ ಹಾ ಹೂ ಅನ್ನುವ ಭಾಗ್ಯ ಮತ್ತಾರಿಗೆ ಬರಬೇಕು! ನನ್ನ ಗೆಳತಿಯರು ಹೊಟ್ಟೆ ಉರಿದುಕೊಂಡು ಸತ್ತರು.

ಆದರೆ ಶೆಡ್ಡಿನಲ್ಲಿ ನನಗೂ ಒಂದು ಕೆಲಸವಿತ್ತು. ನಮ್ಮ ಕಡೆ ಬಾಗಿಲ ಚೌಕಟ್ಟಿನ ಎರಡು ನಿಲುವುಗಳನ್ನು ಹೇಗೆಂದರೆ ಹಾಗೆ ನಿಲ್ಲಿಸುವಂತಿಲ್ಲ. ಕಾಡಿನಲ್ಲಿ ಮರದ ಬುಡ ಯಾವ ಕಡೆ ಇತ್ತೋ ಮನೆಯಲ್ಲೂ ಅದೇ ಕೆಳಗಿರಬೇಕು. ತಲೆಕೆಳಗಾದ ಮರವಿರುವ ಮನೆ ಏಳಿಗೆಯಾಗುವುದಿಲ್ಲ ಅಂತ ನಂಬಿಕೆ. ಕೊಯ್ದು ಚೌಕ ಮಾಡಿದ ಮರದಲ್ಲಿ ಬುಡ ಯಾವುದು ತುದಿ ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಮರ ಕೊಯ್ದ ದಿನವೇ ಬುಡದ ಕಡೆ ಕಾವಿಯ ಗುರುತು. ಅದು ರಂದಕ್ಕೆ ಸಿಕ್ಕಿ ಅಳಿಸಿಹೋಗುವ ಮುಂಚೆ ಬೆರಳಿಗೆ ಕಾವಿ ಅದ್ದಿ ಗುರುತನ್ನು ಅದೇ ಕಡೆಯ, ರಂದ ತಾಗದ ಕೊಯ್ದ ಮುಖಕ್ಕೆ ದಾಟಿಸುವವಳು ನಾನು. ಅಪ್ಪನ ಬಾಗಿಲಲ್ಲಿ ಬುಡ ತಪ್ಪುವುದಿಲ್ಲ ಅಂತ ಜಗಳೂರಿನ ತನಕ ಹೆಸರಿತ್ತು.

ಬಾಗಿಲು ನಿಲ್ಲಿಸುವ ಶಾಸ್ತ್ರಕ್ಕೆ ಎರಡು ದಿನ ಇರುವಾಗ ಅಪ್ಪ ಹಿತ್ತಾಳೆ ಸಾಮಾನು ತರಲು ಜಗಳೂರಿಗೆ ಹೋದ. "ಗಿರಿಜಿ, ಗುರುತು ಜ್ವಾಕಿ" ಅಂದು ಬಸ್ಸು ಹತ್ತಿದ.

ಮಧ್ಯಾಹ್ನ ಸಾಹೇಬರು ಉಳಿದಿದ್ದ ಒಂದು ನಿಲುವನ್ನು ಎತ್ತಿಟ್ಟುಕೊಂಡರು. ನಾನು ಧಾರಾವಾಹಿಯಲ್ಲಿ ಮುಂದೇನಾಗುತ್ತದೆ ಅಂತ ಕೇಳುತ್ತಾ ಕೂತಿದ್ದೆ. ಅವರು ಹೇಳುತ್ತಾ ರಂದ ಹೊಡೆದರು, ಮರ ಹೊರಳಿಸಿದರು, ಆ ತುದಿ ಈ ತುದಿ ಮಾಡಿದರು, ಎರಡೂ ಕೊನೆಗಳನ್ನು ಗರಗಸದಿಂದ ಒಪ್ಪವಾಗಿ ಕತ್ತರಿಸಿದರು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಕೊನೆಗೆ ನೋಡಿದರೆ ಕಾವಿ ಎಲ್ಲೂ ಇಲ್ಲ.

"ಸಾಹೇಬ್ರೆ, ಗುರುತು!"

ಅವರೂ ಮರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಖ ಸಣ್ಣದಾಯಿತು. "ಯಾವ ಕಡೆ ಇತ್ತಮ್ಮ?"

ನನಗೆಲ್ಲಿ ಗೊತ್ತು? ಆದರೂ ಅಷ್ಟು ದೊಡ್ಡ ಮನುಷ್ಯ ಬೆಪ್ಪಾಗಿ ನಿಂತಿದ್ದು ನೋಡಲಾಗದೆ, "ಈ ಕಡೆ" ಅಂದುಬಿಟ್ಟೆ. ಅಂದವಳೇ ಬೆರಳಿಗೆ ಕಾವಿ ಅದ್ದಿ ಗುರುತೂ ಇಟ್ಟೆ. ಅವರು ನಿಟ್ಟುಸಿರು ಬಿಟ್ಟು ನನ್ನ ತಲೆ ಸವರಿದರು. "ಜಾಣೆ! ಅಪ್ಪನಿಗೆ ಇದೆಲ್ಲ ಹೇಳೋದು ಬೇಡ. ಪಾಪ, ಸುಮ್ಮನೆ ಗಾಬರಿ ಬೀಳ್ತಾರೆ."

ಸಂಜೆ ಅಪ್ಪ ಬಂದು ಗುರುತು ನೋಡಿದ. ನೀನು ಇಟ್ಟಿದ್ದೇ ತಾನೇ ಅಂತ ಒಂದು ಮಾತೂ ಕೇಳಲಿಲ್ಲ. ಮರುದಿನ ಆ ಲೆಕ್ಕದಲ್ಲೇ ಸಂದು ಕೊರೆದು, ಬೆಣೆ ಬಡಿದು ಚೌಕಟ್ಟು ಕೂಡಿಸಿದ. ಪ್ರತಿ ಪೆಟ್ಟೂ ನನ್ನ ತಲೆಗೇ ಬಿದ್ದಂತಾಗುತ್ತಿತ್ತು. ಹೇಳೋಣ ಅಂತ ಮೂರು ಸಲ ಹತ್ತಿರ ಹೋದೆ. "ಏನವ್ವಾ?" ಅನ್ನುತ್ತಿದ್ದ. "ಏನಿಲ್ಲ" ಅಂದು ವಾಪಸ್ ಬರುತ್ತಿದ್ದೆ. ಊಟಕ್ಕೆ ಕೂತವಳು ತಟ್ಟೆ ಸರಿಸಿ ಎದ್ದುಬಿಟ್ಟೆ. ಬಿಸಿಲಿಗೆ ಹಂಗಾಗೈತೆ ಅಂತ ಅವ್ವ ಮಜ್ಜಿಗೆ ಕುಡಿಸಿದಳು.

ಶಾಸ್ತ್ರದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮುಹೂರ್ತ. ಚೌಕಟ್ಟಿಗೆ ಅರಿಶಿನ ಬಳಿದು ಮಾವಿನ ತೋರಣ ಕಟ್ಟಿದ್ದರು. ನವಧಾನ್ಯದ ಗಂಟು ಸಿದ್ಧವಾಗಿತ್ತು. ಒಳಗಿನಿಂದ ಹೋಳಿಗೆ ವಾಸನೆ. ಶಾಂತಕ್ಕ ಬಂದವರಿಗೆಲ್ಲ, "ನಮ್ಮ ತಮ್ಮನೇ ಮಾಡಿದ್ದು ನೋಡ್ರಿ" ಅಂತ ತೋರಿಸುತ್ತಿದ್ದಳು. ಆಕೆಯ ಅತ್ತೆ ಓಬಜ್ಜಿ, ಕಣ್ಣು ಮಂಜಾದವಳು, ಆ ನಿಲುವನ್ನು ಮೇಲಿನಿಂದ ಕೆಳಗಿನ ತನಕ ಸವರಿ ಅಪ್ಪನನ್ನು ಕರೆದಳು. "ಆಚಾರಿ, ಬುಡ ಸರಿ ಐತೇನಪ್ಪಾ? ನನ್ನ ಮೊಮ್ಮಕ್ಕಳು ಬಾಳಿ ಬದುಕೋ ಮನಿ."

"ನನ್ನ ಮಗಳು ಇಟ್ಟ ಗುರುತು ಅಜ್ಜಿ. ತಪ್ಪಾಕಿಲ್ಲ" ಅಂದ ಅಪ್ಪ.

ಅಷ್ಟೇ, ನನ್ನ ಕೈಲಿ ತಡೆಯಲು ಆಗಲಿಲ್ಲ. ಓ ಅಂತ ಅತ್ತುಬಿಟ್ಟೆ. "ಇಲ್ಲಪ್ಪಾ! ನಂಗೊತ್ತಿಲ್ಲ! ಸಾಹೇಬ್ರು ರಂದ ಹೊಡೀಬೇಕಾದ್ರೆ ಗುರುತು ಅಳಿಸಿ ಹೋತು. ನಾನು ಸುಮ್ನೆ ಅಂದಾಜಿಗೆ ಇಟ್ಟೆ!"

ಪುರೋಹಿತರ ಮಂತ್ರ ನಿಂತಿತು. ಎಲ್ಲರೂ ಸಾಹೇಬರ ಕಡೆ ತಿರುಗಿದರು. ಅವರು ಒಂದು ಕ್ಷಣ ತಡವರಿಸಿ, ಆಮೇಲೆ ಟೀವಿಯಲ್ಲಿ ನಗುವ ಹಾಗೆಯೇ ನಕ್ಕರು. "ಅಯ್ಯೋ, ಮಕ್ಕಳು ಏನೋ ಅಂತಾವೆ ಬಿಡಿ. ಗುರುತು ಇತ್ತು ಆಚಾರ್ರೇ, ನಾನೇ ಕಣ್ಣಾರೆ ನೋಡಿದ್ದೀನಿ."

ನನಗೆ ಅಳುವೇ ನಿಂತುಹೋಯಿತು. ದೊಡ್ಡವರು, ಅದೂ ಅವರು, ನನ್ನ ಎದುರಿಗೇ ನಿಂತು ಸುಳ್ಳು ಹೇಳಬಹುದು ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ.

"ಹೊತ್ತಾಗ್ತೈತೆ, ಎತ್ರಿ ಎತ್ರಿ" ಅಂದರು ಯಾರೋ. "ಹುಡುಗಿಗೆ ಎರಡು ಬಿಗೀರಿ, ಶುಭ ಕಾರ್ಯದಾಗ ಅಳ್ತೈತೆ" ಅಂದರು ಇನ್ನೊಬ್ಬರು. ಶಾಂತಕ್ಕನ ಮುಖ ಕೆಂಪಾಗಿತ್ತು. "ಆಚಾರ್ರೇ, ನನ್ನ ತಮ್ಮ ಸುಳ್ಳು ಹೇಳ್ತಾನಾ?"

ಅಪ್ಪ ಜನರನ್ನು ಸರಿಸಿಕೊಂಡು ಬಂದ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ನನ್ನ ನೋಡು ಗಿರಿಜಿ. ಖರೇನಾ?"

"ಖರೇ ಅಪ್ಪಾ."

ಅವನು ಎದ್ದ. ಮರದ ಸುತ್ತಿಗೆ, ಕೊಡತಿ, ತಗೊಂಡ. ಅರಿಶಿನ ಕುಂಕುಮ ಹಚ್ಚಿದ್ದ, ತೋರಣ ಕಟ್ಟಿದ್ದ ಚೌಕಟ್ಟಿನ ಬೆಣೆಗಳನ್ನು ಅಷ್ಟೂ ಜನರ ಎದುರು ಒಂದೊಂದಾಗಿ ಹೊಡೆದು ಬಿಚ್ಚಿದ. ಹೆಂಗಸರು ಅಯ್ಯಯ್ಯೋ ಅಂದರು. ಅಪಶಕುನ ಅಂದರು. ನಾನು ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿದರೂ ಒಂದು ಕಣ್ಣು ತೆರೆದೇ ಇತ್ತು. ನಾನು ಇಟ್ಟ ಗುರುತು ಅದೃಷ್ಟಕ್ಕೆ ಸರಿಯಾಗಿದ್ದರೆ ಅಪ್ಪನ ಗತಿ ಏನು?

ನಿಲುವನ್ನು ಹೆಗಲ ಮೇಲೆ ಹೊತ್ತು, ಗೋಡೆಗೆ ಹಾಕಲು ನೀರು ತುಂಬಿಸಿದ್ದ ಉದ್ದನೆ ತೊಟ್ಟಿಗೆ ಇಳಿಬಿಟ್ಟ. ಬುಡದ ಮರ ಭಾರ. ನೀರಿನಲ್ಲಿ ಅದೇ ಹೆಚ್ಚು ಮುಳುಗುತ್ತದೆ. ಮೊದಲು ಮರ ಅಲುಗಾಡಿತು. ಆಮೇಲೆ ಸಮನಾಗಿಯೇ ತೇಲಿತು. ಸಾಹೇಬರು ತೊಟ್ಟಿಯ ಹತ್ತಿರ ಬರಲೇ ಇಲ್ಲ. ನೀರು ನಿಂತ ಮೇಲೆ ಒಂದು ಕೊನೆ ಮೆಲ್ಲಗೆ, ಒಂದು ಬೆರಳಿನಷ್ಟು, ಕೆಳಗಿಳಿಯಿತು. ಕಾವಿ ಇದ್ದ ಕೊನೆ ಮೇಲಿತ್ತು.

ಓಬಜ್ಜಿ ಏನಾತು ಏನಾತು ಅಂತ ಕೇಳುತ್ತಲೇ ಇದ್ದಳು. ಅಪ್ಪ ಆಕೆಗೆ ಕೈ ಮುಗಿದ. "ತೆಲೆಕೆಳಗಿತ್ತು ಅಜ್ಜಿ. ಶೆಡ್ಡು ನಂದು, ತಪ್ಪೂ ನಂದೇ. ಸಂದು ಕೊರೆದಾಗೈತೆ, ಇದನ್ನ ತಿರುಗಿಸಾಕಾಗಲ್ಲ. ಬ್ಯಾರೆ ನಿಲುವು ಮಾಡಿ ಕೊಡ್ತೀನಿ." ಸಾಹೇಬರ ಹೆಸರು ಎತ್ತಲೇ ಇಲ್ಲ. ಆ ಹೊತ್ತಿಗೆ ಅವರು ಫೋನು ಕಿವಿಗಿಟ್ಟುಕೊಂಡು ಹಿತ್ತಲ ಕಡೆ ಹೋಗಿದ್ದರು.

ಮುಹೂರ್ತ ತಪ್ಪಿತು. ಹೊಸ ನಿಲುವು ಮಾಡಿಕೊಟ್ಟ ಮೇಲೆ ಶಾಂತಕ್ಕ ಉಳಿದ ಕಿಟಕಿ ಬಾಗಿಲಿನ ಕೆಲಸವನ್ನು ಹೊನ್ನಾಳಿ ಕಡೆಯ ಬಡಗಿಗಳಿಗೆ ಕೊಟ್ಟಳು. ತನ್ನ ತಮ್ಮನ ಮಾನ ತೆಗೆದವರು ಅಂತ ಬಹಳ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಆ ವಿಷಯಕ್ಕೆ ಅಪ್ಪ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಮೊನ್ನೆ ನನ್ನ ಮಗಳು ಫೋನಿನಲ್ಲಿ ಒಂದು ಕಾರ್ಯಕ್ರಮ ತೋರಿಸಿದಳು. ಮರಗೆಲಸದ ಹವ್ಯಾಸ ಇರುವ ಖ್ಯಾತನಾಮರಂತೆ. ಒಬ್ಬ ಹಳೆಯ ಆಟಗಾರ ಕುರ್ಚಿ ಮಾಡುತ್ತಿದ್ದ, ಒಬ್ಬ ದೊಡ್ಡ ಡಾಕ್ಟರು ಗೊಂಬೆ ಕೆತ್ತುತ್ತಿದ್ದರು. ಮೂರನೆಯವರು ಅವರೇ. ತಲೆ ನೆರೆತಿದೆ, ಕೈ ಇನ್ನೂ ಚೆನ್ನಾಗಿದೆ. ಮರ ಮುಟ್ಟಿದರೆ ಮನಸ್ಸಿಗೆ ನೆಮ್ಮದಿ ಅಂದರು. ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಆ ದಿನ ಹೆದರಿದ್ದರು ಅವರೂ, ನನ್ನ ಹಾಗೆಯೇ.

ಅಪ್ಪ ಹೋಗಿ ಆರು ವರ್ಷವಾಯಿತು. ಈಗ ಚೌಕಟ್ಟುಗಳು ಫ್ಯಾಕ್ಟರಿಯಿಂದ ಬರುತ್ತವೆ, ಬುಡ ಯಾವುದು ಅಂತ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹೋಗಲಿ, ಅದಕ್ಕೆ ನಾನೇನು ಅಳುವುದಿಲ್ಲ. ನಾನು ಆಫೀಸಿನಲ್ಲಿ ಒಂದು ನಿಜ ಹೇಳಬೇಕಾದರೆ ನಾಲ್ಕು ಕಾಗದ, ಇಬ್ಬರು ಸಾಕ್ಷಿ ಬೇಕು. ಮನೆಯಲ್ಲೂ "ಹೌದಾ? ಯಾರು ಹೇಳಿದ್ರು?" ಅನ್ನುತ್ತಾರೆ. ನನ್ನ ಬರೀ ಒಂದು "ಖರೇ" ಕೇಳಿ, ಕೂಡಿಸಿದ ಬಾಗಿಲನ್ನು ಊರಿನ ಮುಂದೆ ಬಿಚ್ಚುವ ಮನುಷ್ಯ ಈಗ ನನಗೆ ಯಾರೂ ಇಲ್ಲ.